ಒಂದು ಮಾತ್ರೆ, ಎರಡು ಮದ್ದು

ತರಗತಿಯಲ್ಲಿ ಛಂದಸ್ಸಿನ ಪಾಠವನ್ನು ಆರಂಭಿಸುವಾಗ "ಮಾತ್ರೆ ಎಂದರೇನು?" ಎಂದು ನಾನು ಕೇಳುವುದುಂಟು. ಹಿಂದಿನ ಬೆಂಚಿನ ತುಂಟನೊಬ್ಬ "ತಲೆನೋವಿಗೆ ನುಂಗೋದು ಸಾರ್" ಎನ್ನುತ್ತಾನೆ. ತರಗತಿಯೆಲ್ಲ ನಗುತ್ತದೆ. ಇದು ಪ್ರತಿವರ್ಷವೂ ನಡೆಯುವ ಹಾಸ್ಯ; ನಾನೂ ಅವರೊಡನೆ ನಕ್ಕು, ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಕಪ್ಪುಹಲಗೆಯ ಮೇಲೆ ಬರೆಯತೊಡಗುತ್ತಿದ್ದೆ. ಷಟ್ಪದಿಯ ಪಾದದಲ್ಲಿ ಒಂದು ಮಾತ್ರೆ ಹೆಚ್ಚಾದರೂ ಓದುವ ನಾಲಿಗೆ ಎಡವುತ್ತದೆಯಷ್ಟೆ. ದೇಹದ ಲೆಕ್ಕವೂ ಹೀಗೆಯೇ ಇರಬಹುದೆಂದು ಈ ಸಲದ ಬೇಸಗೆಯವರೆಗೆ ನಾನು ಯೋಚಿಸಿರಲಿಲ್ಲ.

ನನ್ನ ಸೋದರಮಾವನವರು ಮೈಸೂರಿನಲ್ಲಿದ್ದಾರೆ. ನಿವೃತ್ತ ಹೆಡ್‌ಮಾಸ್ಟರು, ವಯಸ್ಸು ಎಪ್ಪತ್ತೊಂದು. ಬೆಳಗಿನ ಐದು ಗಂಟೆಗೆ ಎದ್ದು ಒಂದು ಗಂಟೆ ಕಾಲ ನಡೆದು ಬರುವ ಶಿಸ್ತಿನ ಮನುಷ್ಯ. ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಪೂಜೆ ಮುಗಿಸಿ ಮಣೆಯಿಂದ ಏಳಹೋದವರು ಏಳಲಾರದೆ ಹೋದರು. ನೋವಿಲ್ಲ, ತಲೆಸುತ್ತಿಲ್ಲ, ಮಾತು ಸ್ಪಷ್ಟವಾಗಿದೆ. ಕಾಲುಗಳು ಮಾತ್ರ ಮರದ ಕೊರಡಿನಂತೆ ಬಿದ್ದುಕೊಂಡಿವೆ. ಅತ್ತೆ ನನಗೆ ಫೋನು ಮಾಡಿದಾಗ ಹಿನ್ನೆಲೆಯಲ್ಲಿ ಮಾವನ ಧ್ವನಿ ಕೇಳುತ್ತಿತ್ತು: "ಅವನನ್ನ ಯಾಕೆ ಗಾಬರಿಪಡಿಸ್ತೀಯೆ? ಎರಡು ಗುಟುಕು ಎಳನೀರು ಕೊಡು, ಸರಿಹೋಗುತ್ತೆ."

ಅತ್ತೆ ಎಳನೀರನ್ನು ಕೊಟ್ಟರು. ಆಮೇಲೆ ಆಸ್ಪತ್ರೆಗೆ ಕರೆದೊಯ್ದರು.

ನಾನು ಅಲ್ಲಿಗೆ ತಲಪುವ ವೇಳೆಗೆ ಮಾವನ ಎದೆಗೆ ತಂತಿಗಳನ್ನಂಟಿಸಿದ್ದರು. ಇ.ಸಿ.ಜಿ.ಯ ಕಾಗದದ ಮೇಲೆ ಸಾಮಾನ್ಯವಾಗಿ ದಿಣ್ಣೆಯಂತೆ ತಗ್ಗಾಗಿರಬೇಕಾದ ಒಂದು ಅಲೆ ಗುಡಿಯ ಗೋಪುರದಂತೆ ಮೊನಚಾಗಿ ಮೇಲೆದ್ದಿತ್ತು. ರಕ್ತದಲ್ಲಿ ಪೊಟ್ಯಾಸಿಯಂ 6.9 ಇದೆ ಎಂದರು. ಆರೋಗ್ಯವಂತರಲ್ಲಿ ಅದು 3.5ರಿಂದ 5ರವರೆಗೆ ಇರಬೇಕು. ಇನ್ನು ಸ್ವಲ್ಪ ಏರಿದ್ದರೆ ಹೃದಯ ತಾಳ ತಪ್ಪಿ ನಿಂತೇ ಹೋಗಬಹುದಾಗಿತ್ತು. ಹೃದಯವನ್ನು ಕಾಯಲು ಕ್ಯಾಲ್ಸಿಯಂ ಚುಚ್ಚುಮದ್ದನ್ನು ಕೊಟ್ಟಿದ್ದರು. ಪೊಟ್ಯಾಸಿಯಮ್ಮನ್ನು ರಕ್ತದಿಂದ ಜೀವಕೋಶಗಳೊಳಕ್ಕೆ ತಳ್ಳಲು ಗ್ಲೂಕೋಸಿನ ಜತೆಗೆ ಇನ್ಸುಲಿನ್ ಕೊಡುತ್ತಿದ್ದರು. ಸಕ್ಕರೆ ಕಾಯಿಲೆಯಿಲ್ಲದವರಿಗೆ ಇನ್ಸುಲಿನ್ ಏಕೆಂದು ಅತ್ತೆ ಗಾಬರಿಯಾಗಿದ್ದರು.

ಕರ್ತವ್ಯದ ಮೇಲಿದ್ದ ವೈದ್ಯೆ ಚಿಕ್ಕ ವಯಸ್ಸಿನವರು. ಮಂಚದ ಪಕ್ಕದಲ್ಲಿ ಕುಳಿತು ಪತ್ತೇದಾರಿ ಕಾದಂಬರಿಯ ನಾಯಕನ ತಾಳ್ಮೆಯಿಂದ ಒಂದೊಂದೇ ಪ್ರಶ್ನೆಯನ್ನು ಕೇಳಿದರು. ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ? ಎಷ್ಟು ದಿನದಿಂದ? ಬೇರೆ ಏನು ಸೇವಿಸುತ್ತೀರಿ? ಮಾವ ಹೇಳಿದ ಉತ್ತರಗಳಲ್ಲಿ ಒಂದೂ ಸುಳ್ಳಲ್ಲ, ಒಂದೂ ದುಡುಕಿನದಲ್ಲ. ಎಲ್ಲವೂ ಯಾರೋ ಒಬ್ಬರು ಹಿತೈಷಿಗಳು ಹೇಳಿದ್ದೇ.

ಹತ್ತು ವರ್ಷಗಳ ಹಿಂದೆ ಮಾವನಿಗೆ ರಕ್ತದ ಒತ್ತಡವಿದೆಯೆಂದು ಗೊತ್ತಾದಾಗ ಅಂದಿನ ವೈದ್ಯರು ಥಯಜೈಡ್ ಎಂಬ ಮೂತ್ರಲ ಮದ್ದನ್ನು ಒಂಟಿಯಾಗಿ ಕೊಟ್ಟಿದ್ದರು. ಕೆಲವು ತಿಂಗಳಲ್ಲಿಯೇ ರಾತ್ರಿಯ ಹೊತ್ತು ಮೀನಖಂಡ ಹಿಡಿದುಕೊಳ್ಳತೊಡಗಿತು. ಪರೀಕ್ಷಿಸಿದಾಗ ಪೊಟ್ಯಾಸಿಯಂ 3ಕ್ಕೆ ಇಳಿದಿತ್ತು. "ದಿನಕ್ಕೊಂದು ಎಳನೀರು ಕುಡಿಯಿರಿ, ಬಾಳೆಯ ಹಣ್ಣು ತಿನ್ನಿ" ಎಂದು ವೈದ್ಯರು ಹೇಳಿದರು. ಅದು ಸರಿಯಾದ ಸಲಹೆಯೇ. ಮಾವ ಅದನ್ನು ಗುರುವಾಕ್ಯವೆಂದು ಸ್ವೀಕರಿಸಿದರು. ವಾಕಿಂಗ್ ಮುಗಿಸಿ ಎಳನೀರಿನ ಗಾಡಿಯ ಮುಂದೆ ನಿಲ್ಲುವುದು ಸಂಧ್ಯಾವಂದನೆಯಂತೆಯೇ ನಿತ್ಯಕರ್ಮವಾಯಿತು. ಎರಡು ವರ್ಷಗಳ ಹಿಂದೆ ಆ ವೈದ್ಯರು ನಿವೃತ್ತರಾಗಿ ಮಗನ ಊರಿಗೆ ಹೋದರು. ಹೊಸ ವೈದ್ಯರು ಒಂಟಿ ಮಾತ್ರೆಯನ್ನು ಬದಲಿಸಿ ಜೋಡಿ ಮಾತ್ರೆಯನ್ನು ಬರೆದುಕೊಟ್ಟರು: ಹೈಡ್ರೋಕ್ಲೋರೋಥಯಜೈಡ್ 50 ಮಿ.ಗ್ರಾಂ., ಅಮಿಲೋರೈಡ್ 5 ಮಿ.ಗ್ರಾಂ., ಎರಡೂ ಒಂದೇ ಗುಳಿಗೆಯಲ್ಲಿ. ಹದಿನೈದು ದಿನ ಬಿಟ್ಟು ರಕ್ತಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದಿದ್ದರು. "ಮಾತ್ರೆ ಬದಲಾಯಿತೇ ಹೊರತು ನಾನು ಬದಲಾಗಲಿಲ್ಲವಲ್ಲ" ಎಂದು ಮಾವ ಹೋಗಲಿಲ್ಲ. ಎಳನೀರನ್ನಂತೂ ಬಿಡಲಿಲ್ಲ. ಬಿಡಬೇಕೆಂದು ಅವರಿಗೆ ಯಾರು ಹೇಳಿದ್ದರು?

ಇಷ್ಟಕ್ಕೇ ಆಗಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಎರಡು ವರ್ಷ ಆಗಿಯೂ ಇರಲಿಲ್ಲ. ಆದರೆ ಫೆಬ್ರವರಿಯಲ್ಲಿ ಮಾವನ ಮಂಡಿ ನೋಯತೊಡಗಿತು. ಪರಿಚಯದವರೊಬ್ಬರು ತಮಗೆ ಗುಣಕೊಟ್ಟ ನೋವಿನ ಮಾತ್ರೆಯ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು. ಔಷಧದಂಗಡಿಯಲ್ಲಿ ಅದು ಸುಲಭವಾಗಿ ಸಿಕ್ಕಿತು. ದಿನಕ್ಕೆರಡು. ಮಾರ್ಚಿಯಲ್ಲಿ ಮತ್ತೊಬ್ಬ ಹಿತೈಷಿ, ಪತ್ರಿಕೆಯಲ್ಲಿ ಓದಿ, ರಕ್ತದೊತ್ತಡಕ್ಕೆ ಒಳ್ಳೆಯದೆಂದು ಸೋಡಿಯಂ ಕಡಿಮೆಯಿರುವ ಉಪ್ಪಿನ ಪೊಟ್ಟಣಗಳನ್ನು ತಂದುಕೊಟ್ಟ. ಪೊಟ್ಟಣದ ಹಿಂಬದಿಯಲ್ಲಿ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಎಂದು ಮುದ್ರಿಸಿದ್ದುದನ್ನು ಅವನು ಓದಲಿಲ್ಲ. ಆ ಹಿತೈಷಿ ಈ ಲೇಖಕನೇ.

ವೈದ್ಯೆ ನನ್ನನ್ನು ಬೈಯಲಿಲ್ಲ. ಒಂದು ಖಾಲಿ ಕಾಗದವನ್ನು ತೆಗೆದುಕೊಂಡು ಮೂತ್ರಪಿಂಡದೊಳಗಿನ ಸಣ್ಣ ಕೊಳವೆಯ ಚಿತ್ರವನ್ನು ಬರೆದು ತೋರಿಸಿದರು. ಅವರು ಹೇಳಿದ್ದನ್ನು ನನಗೆ ತಿಳಿದ ಭಾಷೆಯಲ್ಲಿ ಹೇಳುತ್ತೇನೆ.

ನಮ್ಮ ಎರಡು ಮೂತ್ರಪಿಂಡಗಳೂ ಸೇರಿ ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸುತ್ತವೆ. ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ. ಮಿಕ್ಕದ್ದೆಲ್ಲವನ್ನೂ, ಅದರಲ್ಲಿನ ಉಪ್ಪಿನ ಸಮೇತ, ದೇಹ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಈ ಕೊಳವೆಯನ್ನು ಕೆರೆಯಿಂದ ಹೊರಟ ನಾಲೆಯೆಂದು ಭಾವಿಸಿ. ನಾಲೆಯುದ್ದಕ್ಕೂ ಅಲ್ಲಲ್ಲಿ ತೂಬುಗಳು. ಒಂದೊಂದು ತೂಬಿನಲ್ಲಿಯೂ ಒಬ್ಬ ನೀರುಗಂಟಿ, ಉಪ್ಪನ್ನು ಹಿಡಿದು ದೇಹಕ್ಕೆ ಮರಳಿ ಬಿಡುವವನು. ಥಯಜೈಡ್ ಇವರಲ್ಲೊಬ್ಬನ ಕೈಯನ್ನು ಕಟ್ಟುತ್ತದೆ. ಹಿಡಿಯುವವರಿಲ್ಲದೆ ಉಪ್ಪು ಮುಂದಕ್ಕೆ ಹರಿಯುತ್ತದೆ. ಉಪ್ಪಿನ ಹಿಂದೆ ನೀರು ಹೋಗುತ್ತದೆ. ರಕ್ತನಾಳಗಳ ಮೇಲಿನ ಒತ್ತಡ ಇಳಿಯುತ್ತದೆ. ಆದರೆ ನಾಲೆಯ ಕೊನೆಯಲ್ಲಿ ಇನ್ನೊಬ್ಬ ನೀರುಗಂಟಿ ಕುಳಿತಿದ್ದಾನೆ. ಅವನು ಜಿಪುಣ. ತನ್ನ ಬಳಿಗೆ ಹೆಚ್ಚಾಗಿ ಬಂದ ಸೋಡಿಯಮ್ಮನ್ನು ಕಂಡೊಡನೆ ಆದಷ್ಟನ್ನು ಒಳಕ್ಕೆ ಸೆಳೆದುಕೊಂಡು, ಅದರ ಬದಲಿಗೆ ಪೊಟ್ಯಾಸಿಯಮ್ಮನ್ನು ನಾಲೆಗೆ ಎಸೆಯುತ್ತಾನೆ. ಮಾವನ ಮೀನಖಂಡ ಹಿಡಿದುಕೊಂಡದ್ದು ಇವನಿಂದಲೇ. ಅಮಿಲೋರೈಡ್ ಬಂದು ಕೈ ಕಟ್ಟುವುದು ಈ ಎರಡನೆಯವನದು. ಆಗ ಪೊಟ್ಯಾಸಿಯಂ ದೇಹದಲ್ಲಿಯೇ ಉಳಿಯುತ್ತದೆ. ಟ್ರಯಾಮ್ಟರೀನ್, ಸ್ಪೈರೊನೊಲ್ಯಾಕ್ಟೋನ್ ಎಂಬ ಮದ್ದುಗಳನ್ನು ಜೋಡಿಸುವುದರ ಉದ್ದೇಶವೂ ಇದೇ.

ಒಂದು ಮದ್ದು ಚೆಲ್ಲುತ್ತದೆ, ಇನ್ನೊಂದು ಉಳಿಸುತ್ತದೆ. ಈ ತಕ್ಕಡಿ ಸಮನಾಗಿ ನಿಂತಿರುವಾಗ ಹೊರಗಿನಿಂದ ಬಂದ ಸಣ್ಣ ತೂಕವೂ ಲೆಕ್ಕಕ್ಕೆ ಬರುತ್ತದೆ. ಎಳನೀರಿನ ನೂರು ಮಿಲಿಲೀಟರಿನಲ್ಲಿ ಸುಮಾರು 200ರಿಂದ 250 ಮಿ.ಗ್ರಾಂ. ಪೊಟ್ಯಾಸಿಯಂ ಇರುತ್ತದೆ. ಹೊಸ ಉಪ್ಪಿನಲ್ಲಿ ಸಾರಿಗೊಂದಿಷ್ಟು, ಪಲ್ಯಕ್ಕೊಂದಿಷ್ಟು, ಮಜ್ಜಿಗೆಗೊಂದಿಷ್ಟು. ನೋವಿನ ಮಾತ್ರೆ ತಾನಾಗಿ ಪೊಟ್ಯಾಸಿಯಮ್ಮನ್ನು ತರುವುದಿಲ್ಲವಾದರೂ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡಿ, ಬಂದದ್ದು ಹೊರಹೋಗುವ ಬಾಗಿಲನ್ನೇ ಮುಚ್ಚುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ನೆಪ್ರಾಕ್ಸೆನ್ ಎಲ್ಲವೂ ಈ ಜಾತಿಯವೇ. ಒತ್ತಡದ ಮದ್ದಿನ ಬಲವನ್ನು ಕುಗ್ಗಿಸುವುದು ಅವುಗಳ ಇನ್ನೊಂದು ಗುಣ. ಅಂತಹ ನೋವಿಗೆ ಮೊದಲು ಪ್ಯಾರಸಿಟಮಾಲ್ ಸಾಕಾಗುವುದೇ ಎಂದು ವೈದ್ಯರನ್ನು ಕೇಳಿ ನೋಡಬಹುದಾಗಿತ್ತು. ಎಪ್ಪತ್ತು ದಾಟಿದವರ ಮೂತ್ರಪಿಂಡ ಯೌವನದಲ್ಲಿದ್ದಂತೆ ಇರುವುದೂ ಇಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸದಿದ್ದರೆ ಅನ್ಯಾಯವಾದೀತು. ಎಳನೀರು ವಿಷವಲ್ಲ, ಸೋಡಿಯಂ ಕಡಿಮೆಯಿರುವ ಉಪ್ಪೂ ಕೆಟ್ಟದ್ದಲ್ಲ. ಚೀನಾದ ಆರುನೂರು ಹಳ್ಳಿಗಳಲ್ಲಿ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನವೊಂದರಲ್ಲಿ, ನಾಲ್ಕರಲ್ಲೊಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪನ್ನು ಬಳಸಿದವರಲ್ಲಿ ಪಾರ್ಶ್ವವಾಯುವೂ ಸಾವೂ ಕಡಿಮೆಯಾದುವು. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಇಂತಹ ಉಪ್ಪಿನ ಬಳಕೆಗೆ ಒಪ್ಪಿಗೆಯ ಸಲಹೆಯನ್ನು ನೀಡಿತು. ಆದರೆ ಮೂತ್ರಪಿಂಡದ ತೊಂದರೆಯುಳ್ಳವರನ್ನೂ, ದೇಹದಿಂದ ಪೊಟ್ಯಾಸಿಯಂ ಹೊರಹೋಗುವುದಕ್ಕೆ ಅಡ್ಡಿಯಿರುವ ಇತರರನ್ನೂ ಆ ಸಲಹೆಯಿಂದ ಹೊರಗಿಟ್ಟಿತು. ನಾನು ಪತ್ರಿಕೆಯಲ್ಲಿ ಓದಿದ್ದು ಮೊದಲನೆಯ ಅರ್ಧವನ್ನು. ಎರಡನೆಯ ಅರ್ಧದಲ್ಲಿ ನನ್ನ ಮಾವ ಇದ್ದರು.

ಮೂರನೆಯ ದಿನ ಪೊಟ್ಯಾಸಿಯಂ 4.9ಕ್ಕೆ ಬಂತು. ಮಾವ ಎದ್ದು ನಡೆದರು. ಅತ್ತೆಯ ಭಯ ಮಾತ್ರ ಇಳಿಯಲಿಲ್ಲ. "ಒತ್ತಡ ಇದ್ದರೆ ಇರಲಿ ತಾಯಿ, ಈ ಹಾಳು ಮಾತ್ರೆಗಳೇ ಬೇಡ. ನಮ್ಮ ಅಜ್ಜ ಅಜ್ಜಿಯರು ಏನು ನುಂಗ್ತಿದ್ದರು?" ಎಂದು ವೈದ್ಯೆಯ ಕೈ ಹಿಡಿದುಕೊಂಡರು.

ಅಜ್ಜ ಅಜ್ಜಿಯರ ಕಾಲದಲ್ಲಿ ಏನಾಗುತ್ತಿತ್ತೆಂಬುದಕ್ಕೆ ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟರೇ ಸಾಕ್ಷಿ. 1944ರ ಮಾರ್ಚಿಯಲ್ಲಿ ಹೃದ್ರೋಗತಜ್ಞ ಹೋವರ್ಡ್ ಬ್ರೂಯನ್ ಅವರನ್ನು ಪರೀಕ್ಷಿಸಿದಾಗ ಒತ್ತಡ 186/108 ಇತ್ತು. ಜಗತ್ತಿನ ಅತ್ಯಂತ ಬಲಶಾಲಿ ದೇಶದ ಮುಖ್ಯಸ್ಥನಿಗೆ ಕೊಡಲು ಆಗ ವಿಶ್ರಾಂತಿ, ಪಥ್ಯ, ಡಿಜಿಟಾಲಿಸ್ ಇವುಗಳನ್ನು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. 1945ರ ಏಪ್ರಿಲ್ 12ರಂದು ತಲೆನೋವೆಂದು ಕುಸಿದರು, ಒತ್ತಡ 300/190ಕ್ಕೇರಿತ್ತು, ಮಿದುಳಿನಲ್ಲಿ ರಕ್ತಸ್ರಾವವಾಗಿ ಅಂದೇ ತೀರಿಕೊಂಡರು. ಅದೇ ಕಾಲದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಾಲ್ಟರ್ ಕೆಂಪ್ನರ್ ಎಂಬ ವೈದ್ಯರು ಒತ್ತಡದ ರೋಗಿಗಳಿಗೆ ಉಪ್ಪಿಲ್ಲದ ಅನ್ನವನ್ನೂ ಹಣ್ಣನ್ನೂ ಮಾತ್ರ ಕೊಟ್ಟು ಕೆಲವರನ್ನು ಉಳಿಸಿಕೊಂಡಿದ್ದರು. ಉಪ್ಪಿಲ್ಲದ ಅನ್ನವನ್ನು ಎಷ್ಟು ದಿನ ತಿನ್ನಬಹುದೆಂಬುದನ್ನು ಅಕ್ಕಿಯ ಸೀಮೆಯವರಾದ ನಾವೇ ಊಹಿಸಬಲ್ಲೆವು.

ಬಾಯಿಯಿಂದ ನುಂಗಿ ಉಪ್ಪನ್ನು ಹೊರಹಾಕುವ ಮದ್ದು ಸಿಕ್ಕಿದ್ದು ಅಡ್ಡದಾರಿಯಿಂದ. ಸೋಂಕು ರೋಗಗಳಿಗೆಂದು ಕೊಟ್ಟ ಸಲ್ಫಾ ಔಷಧದಿಂದ ರೋಗಿಗಳ ಮೂತ್ರದ ಗುಣವೇ ಬದಲಾಗುವುದನ್ನು ವೈದ್ಯರು ಗಮನಿಸಿದ್ದರು. 1949ರಲ್ಲಿ ಬಾಸ್ಟನ್ನಿನ ವಿಲಿಯಂ ಶ್ವಾರ್ಟ್ಸ್ ಅದನ್ನು ಹೃದಯ ಸೋತ ರೋಗಿಗಳಿಗೆ ಕೊಟ್ಟು ನೋಡಿ, ಸೋಡಿಯಂ ಹೊರಹೋಗುವುದನ್ನು ಕಂಡರು. ಆ ಎಳೆಯನ್ನು ಹಿಡಿದು ಕಾರ್ಲ್ ಬೇಯರ್ ಮತ್ತು ಅವರ ಸಂಗಡಿಗರು ಕ್ಲೋರೋಥಯಜೈಡನ್ನು ರೂಪಿಸಿದರು. 1958ರಲ್ಲಿ ಅದು ಪೇಟೆಗೆ ಬಂತು. ಅದರ ಬೆನ್ನಲ್ಲಿಯೇ ಪೊಟ್ಯಾಸಿಯಂ ಸೋರುವ ತೊಂದರೆಯೂ ಕಾಣಿಸಿಕೊಂಡಿತು. ಟ್ರಯಾಮ್ಟರೀನ್ ಸೇರಿಸಿದ ಜೋಡಿ ಔಷಧ 1965ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅಮಿಲೋರೈಡ್ ಬೆಳಕಿಗೆ ಬಂದದ್ದು 1967ರಲ್ಲಿ. ಹಳೆಯದೆಂದು ಇವನ್ನು ತಾತ್ಸಾರ ಮಾಡುವಂತಿಲ್ಲ. ಮೂವತ್ತಮೂರು ಸಾವಿರಕ್ಕೂ ಹೆಚ್ಚು ರೋಗಿಗಳನ್ನೊಳಗೊಂಡು 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಇದೇ ಬಳಗದ ಅಗ್ಗದ ಕ್ಲೋರ್‌ಥ್ಯಾಲಿಡೋನ್ ಹೊಸ ದುಬಾರಿ ಔಷಧಗಳಿಗೆ ಕಡಿಮೆಯಿಲ್ಲವೆಂದು ತಿಳಿದುಬಂದಿತು.

ಆದಕಾರಣ ಹೆದರಿ ಮಾತ್ರೆಯನ್ನು ಬಿಡುವುದು ಉತ್ತರವಲ್ಲ. ವೈದ್ಯೆ ಅತ್ತೆಗೆ ಹೇಳಿದ್ದೂ ಅದನ್ನೇ. ಆಮೇಲೆ ನನ್ನ ಕಡೆಗೆ ತಿರುಗಿ, "ಮೇಷ್ಟ್ರೇ, ನೀವು ಬರೆಯೋರಂತೆ. ಇದನ್ನೂ ಬರೀರಿ" ಎಂದರು. ಅವರು ಹೇಳಿದವುಗಳಲ್ಲಿ ನನಗೆ ಮುಖ್ಯವೆನಿಸಿದ್ದನ್ನು ಬರೆಯುತ್ತಿದ್ದೇನೆ. ವಾಚಕರು ತಮ್ಮ ತಮ್ಮ ವೈದ್ಯರ ಮಾತಿಗೆ ಇದನ್ನು ಬದಲಿಯೆಂದು ತಿಳಿಯಬಾರದು.

ಮೊದಲು ನಿಮ್ಮ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ಓದಿ. ದೊಡ್ಡಕ್ಷರದ ಹೆಸರು ಅಂಗಡಿಯವನಿಗಾಗಿ. ನಿಮಗೆ ಬೇಕಾದ್ದು ಕೆಳಗಿನ ಸಣ್ಣಕ್ಷರ. ಒಂದು ಮದ್ದಿದೆಯೋ ಎರಡೋ? ನಮ್ಮಲ್ಲಿ ಇಂದು ಹೆಚ್ಚಾಗಿ ಬರೆದುಕೊಡುವ ಜೋಡಿ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಜೈಡ್‌ಗಳದು. ಅಂಥವುಗಳ ಹೆಸರಿನ ಬಾಲದಲ್ಲಿ ಅನೇಕ ವೇಳೆ 'ಎಚ್' ಎಂಬ ಅಕ್ಷರವಿರುತ್ತದೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಲಾಪ್ರಿಲ್, ರಾಮಿಪ್ರಿಲ್‌ಗಳೂ ಪೊಟ್ಯಾಸಿಯಮ್ಮನ್ನು ಉಳಿಸುವ ಕಡೆಯವೇ. ಒಬ್ಬ ವೈದ್ಯರು ಅಮಿಲೋರೈಡಿನ ಜೋಡಿಯನ್ನೂ, ಮತ್ತೊಬ್ಬರು ಅರಿಯದೆ ಇವುಗಳಲ್ಲೊಂದನ್ನೂ ಬರೆದುಕೊಟ್ಟರೆ ತಕ್ಕಡಿಯ ಒಂದೇ ತಟ್ಟೆಗೆ ಎರಡು ಕಲ್ಲು ಬಿದ್ದಂತೆ. ಮೂತ್ರದ ಸೋಂಕಿಗೆ ಕೊಡುವ, ಟ್ರೈಮೆಥೊಪ್ರಿಮ್ ಸೇರಿದ ಮಾತ್ರೆಗೂ ಇದೇ ಗುಣವುಂಟು. ಮದ್ದಿನ ಹೆಸರು ಮತ್ತು ಪ್ರಮಾಣಗಳನ್ನು ಬರೆದ ಚೀಟಿಯೊಂದು ಮಾವನ ಪರ್ಸಿನಲ್ಲಿ ಈಗ ಸದಾ ಇರುತ್ತದೆ. ಹಲ್ಲಿನ ವೈದ್ಯರಿಗೂ ಅದನ್ನು ತೋರಿಸುತ್ತಾರೆ. ಹಿಂದೆ ಸಲ್ಫಾ ಔಷಧ ಒಗ್ಗದೆ ಮೈಮೇಲೆ ಗಂಧೆಯೆದ್ದವರು, ಊತವಾತದ ಬಾಧೆಯವರು, ಸಕ್ಕರೆ ಕಾಯಿಲೆಯವರು, ಮನೋರೋಗಕ್ಕೆ ಲಿಥಿಯಂ ಸೇವಿಸುವವರು ಆ ಸಂಗತಿಯನ್ನು ವೈದ್ಯರಿಗೆ ತಾವಾಗಿಯೇ ತಿಳಿಸಬೇಕು.

ಸೇವಿಸುವ ಹೊತ್ತು ಬೆಳಗಿನದು. ಥಯಜೈಡ್ ಎರಡು ಗಂಟೆಯಲ್ಲಿ ಕೆಲಸ ಆರಂಭಿಸಿ ನಾಲ್ಕನೆಯ ಗಂಟೆಗೆ ಜೋರಾಗುತ್ತದೆ. ರಾತ್ರಿ ನುಂಗಿದರೆ ನಿದ್ದೆಗೆಡುವುದಲ್ಲದೆ ಕತ್ತಲಲ್ಲಿ ಬಚ್ಚಲಿಗೆ ನಡೆಯುವಾಗ ಬೀಳುವ ಭಯವೂ ಇದೆ. ಒಂದು ದಿನ ಮರೆತರೆ ಮಾರನೆಯ ದಿನ ಎರಡು ನುಂಗಬಾರದು. ಇನ್ನೊಂದು ತಪ್ಪು ತಿಳಿವಳಿಕೆಯನ್ನು ನಾನು ಹಲವರಲ್ಲಿ ಕಂಡಿದ್ದೇನೆ. ಕೆಲವು ವಾರಗಳಾದ ಮೇಲೆ ಮೊದಲಿನಂತೆ ಮೂತ್ರ ಹೆಚ್ಚಾಗಿ ಹೋಗುವುದಿಲ್ಲ. ಮದ್ದು ಸತ್ತಿತೆಂದು ಭಾವಿಸುತ್ತಾರೆ. ವಾಸ್ತವವಾಗಿ ಆ ವೇಳೆಗೆ ರಕ್ತನಾಳಗಳೇ ಸಡಿಲಗೊಂಡು ಒತ್ತಡ ತಗ್ಗಿಯೇ ಇರುತ್ತದೆ.

ರಕ್ತಪರೀಕ್ಷೆ ಈ ಮಾತ್ರೆಯ ಅವಿಭಾಜ್ಯ ಅಂಗ. ಅದನ್ನು ಬಿಟ್ಟರೆ ಅರ್ಧ ಚಿಕಿತ್ಸೆಯನ್ನೇ ಬಿಟ್ಟಂತೆ. ಆರಂಭಿಸುವ ಮುನ್ನ ಒಮ್ಮೆ, ಆರಂಭಿಸಿದ ಅಥವಾ ಪ್ರಮಾಣ ಬದಲಿಸಿದ ಕೆಲವು ವಾರಗಳೊಳಗೆ ಒಮ್ಮೆ, ಆಮೇಲೆ ವೈದ್ಯರು ಹೇಳಿದ ಅವಧಿಗೆ, ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಈ ಮೂರನ್ನೂ ನೋಡಿಸಬೇಕು. ಪೊಟ್ಯಾಸಿಯಂ ಏರುವಾಗ ಎಷ್ಟೋ ಸಲ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಕಾಲು ಸೋಲುವುದು, ಎದೆ ತಾಳ ತಪ್ಪಿ ಬಡಿಯುವುದು ಕೊನೆಯ ಘಳಿಗೆಯ ಮಾತು. ಸೋಡಿಯಂ ಇಳಿದರೆ ವಯಸ್ಸಾದವರಿಗೆ, ವಿಶೇಷವಾಗಿ ಹೆಂಗಸರಿಗೆ, ಮಂಕು ಕವಿಯುತ್ತದೆ, ಮಾತು ತೊದಲುತ್ತದೆ. ಮನೆಯವರು ಅದನ್ನು ಅರಳುಮರಳೆಂದು ತಳ್ಳಿಹಾಕುವುದುಂಟು. ವಾಂತಿಭೇದಿಯಾದ ದಿನ, ಜ್ವರದಲ್ಲಿ ಅನ್ನನೀರು ಸೇರದ ದಿನ, ಎಂದಿನಂತೆ ಮಾತ್ರೆಯನ್ನು ನುಂಗುವ ಮೊದಲು ವೈದ್ಯರಿಗೆ ಫೋನು ಮಾಡಿ ಕೇಳಬೇಕು; ಒಂದೆರಡು ದಿನ ನಿಲ್ಲಿಸೆಂದು ಅವರು ಹೇಳಬಹುದು.

ಇನ್ನು ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ವಿಷಯವನ್ನು ಬಲ್ಲವರಿಗೆ ಹೇಳಬೇಕಾದ್ದಿಲ್ಲ. ದಿನಕ್ಕೆ ಐದು ಗ್ರಾಂ ಉಪ್ಪು, ಎಂದರೆ ಒಂದು ಟೀ ಚಮಚ, ಅದಕ್ಕಿಂತ ಕಡಿಮೆಯಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಕೈಯಲ್ಲಿ ಉಪ್ಪನ್ನು ಹೊರಹಾಕುವ ಮಾತ್ರೆ, ಇನ್ನೊಂದು ಕೈಯಲ್ಲಿ ಮಾವಿನಮಿಡಿ ಎಂದರೆ ಹೇಗೆ?

ಆಸ್ಪತ್ರೆಯಿಂದ ಬಂದ ಮೇಲೆ ಜೋಡಿ ಮಾತ್ರೆಯನ್ನು ನಿಲ್ಲಿಸಿ ಬೇರೆ ವರ್ಗದ ಮದ್ದನ್ನು ಕೊಟ್ಟಿದ್ದಾರೆ. ಇನ್ನೊಂದು ಪರೀಕ್ಷೆಯಾಗುವ ತನಕ ಎಳನೀರು ಬೇಡ ಎಂದಿದ್ದಾರೆ. ನಾನು ತಂದುಕೊಟ್ಟಿದ್ದ ಉಪ್ಪಿನ ಪೊಟ್ಟಣಗಳಲ್ಲಿ ಮಿಕ್ಕವನ್ನು ಅತ್ತೆ ನನ್ನ ಚೀಲದಲ್ಲಿಯೇ ಹಾಕಿ ಕಳುಹಿಸಿದರು, ಏನೂ ಅನ್ನಲಿಲ್ಲ.

ಕಳೆದ ಭಾನುವಾರ ಮಾವನೊಡನೆ ನಾನೂ ವಾಕಿಂಗಿಗೆ ಹೋಗಿದ್ದೆ. ಎಳನೀರಿನ ಗಾಡಿಯವನು ದೂರದಿಂದಲೇ ನೋಡಿ, ಮಚ್ಚನ್ನು ಕೈಯಲ್ಲಿ ಹಿಡಿದುಕೊಂಡೇ, "ಏನ್ ಮೇಷ್ಟ್ರೇ, ನನ್ ಮೇಲೆ ಕೋಪಾನಾ? ತಿಂಗಳಾಯ್ತು ಈ ಕಡೆ ಬಂದು" ಎಂದ.

"ನಿನ್ನ ಮೇಲೆ ಯಾಕಪ್ಪ ಕೋಪ? ನಾಡಿದ್ದು ಒಂದು ರಿಪೋರ್ಟು ಬರೋದಿದೆ, ಆಮೇಲೆ ಹೇಳ್ತೀನಿ" ಎಂದರು ಮಾವ. ಸ್ವಲ್ಪ ಹೊತ್ತು ನಿಂತು ಯೋಚಿಸಿ, ಜೇಬಿನಿಂದ ಹಣ ತೆಗೆದು, "ಇವನಿಗೊಂದು ಕೊಚ್ಚಿ ಕೊಡು. ಗಂಜಿ ಇರೋದು ನೋಡಿ ಕೊಡು" ಎಂದರು.

ನಾನು ಕುಡಿದೆ. ಅವರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು.